ಒಂಬತ್ತು ಚೌಕ, ಒಬ್ಬರು ಅತ್ತೆ

ಫೆಬ್ರವರಿಯ ಒಂದು ಭಾನುವಾರ ನಮ್ಮ ಅತ್ತೆ ಗೋಡೆಯ ಮೇಲೆ ಇಲ್ಲದ ಬಣ್ಣವೊಂದನ್ನು ಆರಿಸಿದರು.

ತಮಾಷೆಯಲ್ಲ, ನಿಜ. ದೆಹಲಿ ಪಕ್ಕದ ಇಂದಿರಾಪುರಂನಲ್ಲಿ, ಹನ್ನೊಂದನೇ ಮಹಡಿಯಲ್ಲಿ ನಾವು ಕೊಂಡ ಹೊಸ ಫ್ಲ್ಯಾಟಿನ ಹಾಲ್. ಎದುರಿಗೆ ಬಣ್ಣಕ್ಕೆ ಮುಂಚಿನ ಬಿಳಿ ಪುಟ್ಟಿ ಹಚ್ಚಿ ಉಜ್ಜಿದ ಬೋಳು ಗೋಡೆ. ಅದರ ಎಡ ಅರ್ಧದಲ್ಲಿ ಪೇಂಟರ್ ನಸೀಮ್ ಭಾಯ್ ಬಳಿದಿದ್ದ ಒಂಬತ್ತು ಸ್ಯಾಂಪಲ್ ಚೌಕಗಳು. ಒಂದೊಂದೂ ಊಟದ ತಟ್ಟೆಯಷ್ಟು ದೊಡ್ಡದು. ಬಲ ಅರ್ಧ ಪೂರ್ತಿ ಖಾಲಿ.

"ಅಮ್ಮ, ಇವತ್ತು ಫೈನಲ್ ಮಾಡ್ಬೇಕು. ಯಾವ್ದು ಚೆನ್ನಾಗಿದೆ ಹೇಳು," ಎಂದು ನಮ್ಮನೆಯವರು ಕೇಳಿದರು.

ಅತ್ತೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಸ್ವಲ್ಪ ಹೊತ್ತು ಗೋಡೆ ನೋಡಿ, ಬಲಗಡೆಗೆ ಕೈ ತೋರಿಸಿದರು. "ಆ ತುದೀಲಿರೋದು ಚೆನ್ನಾಗಿದೆ. ಅದನ್ನೇ ಹಾಕ್ಸಿ."

ಆ ತುದಿಯಲ್ಲಿ ಏನೂ ಇರಲಿಲ್ಲ.

ಮಗಳು ಮೇಘ ಕಿಸಕ್ಕನೆ ನಕ್ಕಳು. "ಅಜ್ಜಿ ನೆ ಪುಟ್ಟಿ ಸೆಲೆಕ್ಟ್ ಕರ್ ಲಿಯಾ!" ಅಜ್ಜಿ ಬರೀ ಪುಟ್ಟಿಯನ್ನೇ ಆರಿಸಿದರಂತೆ! ನಮ್ಮನೆಯವರೂ ನಕ್ಕರು. ಅತ್ತೆಯೂ ನಕ್ಕರು. ನಗದಿದ್ದವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಬ್ರಶ್ ಹಿಡಿದು ನಿಂತಿದ್ದ ನಸೀಮ್ ಭಾಯ್.

ನಾನು ಯಾಕೆ ನಗಲಿಲ್ಲ? ಸಿಟ್ಟು ಬಂದಿತ್ತು. ಅತ್ತೆ ಬೇಕೆಂದೇ ಹಂಗಿಸುತ್ತಿದ್ದಾರೆ ಅಂದುಕೊಂಡೆ.

ಈ ಸಿಟ್ಟಿನ ಹಿಂದೆ ಒಂದು ತಿಂಗಳ ಕಥೆಯಿದೆ. ಅದನ್ನು ಹೇಳದಿದ್ದರೆ ನೀವು ನನ್ನನ್ನು ಬರೀ ಕೆಟ್ಟ ಸೊಸೆ ಅಂದುಕೊಳ್ಳುತ್ತೀರಿ. (ಹೇಳಿದ ಮೇಲೂ ಅಂದುಕೊಂಡರೆ ನಿಮ್ಮಿಷ್ಟ.)

ಇಪ್ಪತ್ತನಾಲ್ಕು ವರ್ಷ ನಾವು ಇದ್ದದ್ದು ದೆಹಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ನಮ್ಮನೆಯವರು ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು. ಸರ್ಕಾರಿ ಮನೆಯಲ್ಲಿ ಒಂದು ದೊಡ್ಡ ಸುಖವಿದೆ. ಯಾರೂ ನಿಮ್ಮ ಅಭಿಪ್ರಾಯ ಕೇಳುವುದಿಲ್ಲ. ಕೆಲವು ವರ್ಷಕ್ಕೊಮ್ಮೆ ಇಬ್ಬರು ಬರುತ್ತಾರೆ, ಬಕೆಟ್‌ನಲ್ಲಿ ಯಾವ ಬಣ್ಣವಿದೆಯೋ ಅದನ್ನು ಬಳಿಯುತ್ತಾರೆ, ಫ್ಯಾನಿನ ರೆಕ್ಕೆಗೂ ನಾಲ್ಕು ಹನಿ ಸಿಡಿಸಿ ಹೋಗುತ್ತಾರೆ. ಚೆನ್ನಾಗಿದೆಯೋ ಇಲ್ಲವೋ ಎಂದು ತಲೆ ಕೆಡಿಸಿಕೊಳ್ಳುವ ಗೋಜೇ ಇಲ್ಲ.

ನವೆಂಬರಿನಲ್ಲಿ ಅವರು ನಿವೃತ್ತರಾದರು. ಕ್ವಾರ್ಟರ್ಸ್ ಬಿಡಬೇಕು. ಇಂದಿರಾಪುರಂ ಫ್ಲ್ಯಾಟಿನ ಕೀ ಕೈಗೆ ಬಂತು. ಐವತ್ತಮೂರನೇ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ, ಒಬ್ಬ ಮನುಷ್ಯ ನನ್ನೆದುರು ನಿಂತು ಕೇಳಿದ: "ಮೇಡಂ, ಕೌನ್ಸಾ ಕಲರ್?"

ಯಾವ ಬಣ್ಣ ಎಂಬ ಆ ಪ್ರಶ್ನೆಯನ್ನು ಇನ್ನೊಂದು ಸಲ ಕೇಳಿಸಿಕೊಂಡೆ. ಸಂತೋಷಕ್ಕೆ!

ಸಂತೋಷ ಶೇಡ್ ಕಾರ್ಡ್ ತೆರೆಯುವವರೆಗೆ ಮಾತ್ರ. ಕಾರ್ಡ್ ಅಲ್ಲ ಅದು, ಇಟ್ಟಿಗೆಯಷ್ಟು ದಪ್ಪದ ಪುಸ್ತಕ. ನಮಗೆ ಬೇಕಿದ್ದದ್ದು ಬಹಳ ಸರಳ. ಕಣ್ಣಿಗೆ ಹೊಡೆಯಬಾರದು, ತಣ್ಣಗೆ ಆಸ್ಪತ್ರೆಯಂತೆಯೂ ಇರಬಾರದು, ಸಂಜೆ ದೀಪ ಹಾಕಿದರೆ ಮನೆ ಬೆಚ್ಚಗೆ ಕಾಣಬೇಕು. "ವಾರ್ಮ್ ನ್ಯೂಟ್ರಲ್ಸ್ ಬೋಲೋ ನಾ ಅಮ್ಮಾ," ಎಂದು ಮೇಘ ಒಂದೇ ಮಾತಿನಲ್ಲಿ ಮುಗಿಸಿದಳು. ಆ ಒಂದು ಮಾತಿಗೆ ಪುಸ್ತಕದಲ್ಲಿ ಹದಿನಾರು ಪುಟ! ಮರಳಿನ ಪಿಸುಮಾತು, ಮುಂಜಾನೆಯ ಬಿಸ್ಕತ್ತು, ಹಳೆಯ ಲಿನನ್ನು ಎಂಬರ್ಥದ ಇಂಗ್ಲಿಷ್ ಹೆಸರುಗಳು. ನಾನು ಶಾಲೆಯಲ್ಲಿ ಗಣಿತ ಹೇಳುವವಳು. ಎರಡು ಸಂಖ್ಯೆ ಬೇರೆಯಾದರೆ ಬೇರೆ, ಒಂದೇ ಆದರೆ ಒಂದೇ. ಇಲ್ಲಿ ಹಾಗಲ್ಲ. ಎರಡು ಬಣ್ಣ ಒಂದೇ, ಆದರೆ ಬೇರೆ!

ಮೇಘಳಿಗೆ ಬೂದು ಬೆರೆತ ಬೀಜ್, ಅಂದರೆ ತಿಳಿ ಮರಳಿನ ಬಣ್ಣ, ಬೇಕು. ನಮ್ಮನೆಯವರಿಗೆ ಬಿಳಿ. "ಬಿಳಿ ಅಂದ್ರೆ ಬಿಳಿ, ಅದ್ರಲ್ಲಿ ಯೋಚ್ನೆ ಮಾಡೋದೇನಿದೆ?" ನನಗೆ ಕೆನೆಯ ಕಡೆಗೆ ಮನಸ್ಸು. ಮೂರು ಜನ, ಮೂರು ದಿಕ್ಕು. ದಿನಾ ಊಟದ ಹೊತ್ತಿಗೆ ಜಗಳ.

ಇಂಥ ಜಗಳ ಬಿಡಿಸಲು ನಮ್ಮ ಮನೆಯಲ್ಲಿ ಒಬ್ಬರಿದ್ದರು. ಅದೇ ನಮ್ಮ ಅತ್ತೆ, ನಾಗರತ್ನಮ್ಮ. ವಯಸ್ಸು ಎಂಬತ್ತೊಂದು.

ಬಣ್ಣದ ವಿಷಯದಲ್ಲಿ ಅತ್ತೆಯದೇ ಕೊನೆಯ ಮಾತು. ಮನೆಯಲ್ಲಿ ಮಾತ್ರವಲ್ಲ, ಆರ್.ಕೆ.ಪುರಂನ ನಮ್ಮ ಸಾಲಿನ ಕನ್ನಡದ ಹೆಂಗಸರಿಗೆಲ್ಲ. ಯಾರ ಮನೆಯಲ್ಲಿ ಮದುವೆಯಾದರೂ ಸೀರೆಯ ಗಂಟು ಮೊದಲು ನಮ್ಮ ಮನೆಗೆ ಬರುತ್ತಿತ್ತು. ಬ್ಲೌಸ್ ಪೀಸ್ ಮ್ಯಾಚ್ ಮಾಡಲು ಅವರನ್ನು ಅಂಗಡಿಗೆ ಕರೆದೊಯ್ಯುತ್ತಿದ್ದರು. ಅಂಗಡಿಯವನು ಟ್ಯೂಬ್‌ಲೈಟಿನ ಕೆಳಗೆ ಬಟ್ಟೆ ಹರಡಿದರೆ, "ಭಯ್ಯಾ, ಬಾಹರ್ ಧೂಪ್ ಮೇ ದಿಖಾವೋ" ಎಂದು ಅವನನ್ನು ಬೀದಿಯ ಬಿಸಿಲಿಗೆ ಕರೆತರುವ ಹೆಂಗಸು. ಈರುಳ್ಳಿ ಸಿಪ್ಪೆಯ ಬಣ್ಣಕ್ಕೂ ನೇರಳೆ ಹಣ್ಣಿನ ರಸದ ಕಲೆಗೂ ನಡುವೆ ಇನ್ನೂ ಐದು ಬಣ್ಣಗಳಿವೆ ಎಂದು ನನಗೆ ಕಲಿಸಿದವರು ಅವರು. ಮದುವೆಯಾದ ಹೊಸತರಲ್ಲಿ ನಾನು ಗಿಳಿಹಸಿರು ಸೀರೆಗೆ ಎಲೆಹಸಿರು ಬ್ಲೌಸ್ ಹಾಕಿಕೊಂಡು ಹೊರಟಾಗ ಬಾಗಿಲಲ್ಲೇ ತಡೆದು ವಾಪಸ್ ಕಳಿಸಿದವರೂ ಅವರೇ.

ಅಂಥವರು ಈಗ ಏನು ಹೇಳುತ್ತಿದ್ದರು ಗೊತ್ತೆ? ಶೇಡ್ ಕಾರ್ಡ್ ಮುಂದಿಟ್ಟರೆ ಎರಡು ಪುಟ ಸವರಿ, ಮುಚ್ಚಿ, "ನಿಮಗೆ ಹೇಗೆ ಬೇಕೋ ಹಾಗೆ ಮಾಡ್ಕೊಳ್ಳಿ" ಎನ್ನುತ್ತಿದ್ದರು.

ಸೊಸೆಯಂದಿರೇ, ಈ ವಾಕ್ಯದ ಅರ್ಥ ನಿಮಗೆ ಬಿಡಿಸಿ ಹೇಳಬೇಕೆ?

ನಾನಂತೂ ಅರ್ಥ ಮಾಡಿಕೊಂಡೆ. ಅತ್ತೆಗೆ ಹೊಸ ಮನೆ ಇಷ್ಟವಿಲ್ಲ. ಆರ್.ಕೆ.ಪುರಂ ಬಿಡಲು ಮನಸ್ಸಿಲ್ಲ. ಬಾಯಿಬಿಟ್ಟು ಹೇಳದೆ ಹೀಗೆ ಮುಖ ತಿರುಗಿಸುತ್ತಿದ್ದಾರೆ. "ನಿಮ್ಮಮ್ಮನ ಹತ್ರ ನೀವೇ ಮಾತಾಡಿ," ಎಂದು ನಮ್ಮನೆಯವರ ಮೇಲೆ ಹರಿಹಾಯ್ದೆ. ಅವರು ಮಾತಾಡಲಿಲ್ಲ. (ಅಮ್ಮ ಮತ್ತು ಹೆಂಡತಿಯ ನಡುವಿನ ಕಡತಗಳನ್ನು ಮುಂದೂಡುವುದರಲ್ಲಿ ಅವರಿಗೆ ನೌಕರಿಯ ಅನುಭವವೆಲ್ಲ ಇದೆ.)

ಹೀಗೆ ಮನಸ್ಸು ಕಹಿಯಾಗಿದ್ದಾಗ ಬಂದದ್ದು ಆ ಭಾನುವಾರ. ಅತ್ತೆ ಖಾಲಿ ಗೋಡೆಗೆ ಬೆರಳು ತೋರಿಸಿದ್ದು. ನನಗೆ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ಆಸೆಪಟ್ಟು ಕರೆದುಕೊಂಡು ಬಂದರೆ ಹೀಗೆ ಹಂಗಿಸುವುದೆ?

ಹೊರಡುವ ಹೊತ್ತಿಗೆ ನಸೀಮ್ ಭಾಯ್ ನನ್ನನ್ನು ಬಾಲ್ಕನಿಗೆ ಕರೆದರು. ಐವತ್ತರ ಆಸುಪಾಸಿನ ಮನುಷ್ಯ, ಬರೇಲಿ ಕಡೆಯವರು. ಹುಬ್ಬಿನಲ್ಲೂ ಪುಟ್ಟಿಯ ಪುಡಿ. ಮಾತು ಕಡಿಮೆ.

"ಮೇಡಂ, ಏಕ್ ಬಾತ್ ಕಹೂಂ? ಬುರಾ ಮತ್ ಮಾನನಾ."

ಬೇಜಾರು ಮಾಡಿಕೊಳ್ಳಬೇಡಿ ಎಂದು ಯಾರಾದರೂ ಶುರು ಮಾಡಿದರೆ ನಾನು ಮೊದಲೇ ಬೇಜಾರಿಗೆ ಸಿದ್ಧಳಾಗುತ್ತೇನೆ. ಖರ್ಚು ಹೆಚ್ಚಾಗುತ್ತದೆ ಅನ್ನಬಹುದು ಅಂದುಕೊಂಡೆ. ಅವರು ಹೇಳಿದ್ದು ಬೇರೆ.

"ಮಾತಾಜೀಗೆ ಕಾಣಿಸ್ತಿಲ್ಲ, ಮೇಡಂ."

ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ವಾಕ್ಯ ಯಾವ ಭಾಷೆಯಲ್ಲಿದ್ದರೂ ನನಗೆ ಆ ಕ್ಷಣ ಅರ್ಥವಾಗುತ್ತಿರಲಿಲ್ಲ. "ಏನು ಕಾಣಿಸ್ತಿಲ್ಲ?" ಎಂದೆ.

ಅವರು ನಿಧಾನವಾಗಿ ವಿವರಿಸಿದರು. ಮಾತಾಜಿ ಒಳಗೆ ಬರುವಾಗ ಗೋಡೆಗೆ ಕೈ ತಾಗಿಸಿಕೊಂಡೇ ನಡೆದರು. ಬಾಲ್ಕನಿಯ ಹೊಸ್ತಿಲು ಎಲ್ಲಿದೆ ಎಂದು ಕಾಲಿನ ಬೆರಳಿನಿಂದ ಹುಡುಕಿದರು. ಕಿಟಕಿಯ ಬೆಳಕು ಬಿದ್ದಾಗ ಮುಖ ತಿರುಗಿಸಿಕೊಂಡರು. "ನಮ್ಮ ಅಮ್ಮೀಗೂ ಹೀಗೇ ಆಗಿತ್ತು. ಮೋತಿಯಾಬಿಂದ್. ಎರಡು ವರ್ಷ ಯಾರಿಗೂ ಹೇಳಿರಲಿಲ್ಲ. ಒಳಗೆ ಎಲ್ಲರೂ ನಗ್ತಿದ್ರು, ಅಲ್ಲಿ ಹೇಳಿದ್ರೆ ಅವರಿಗೆ ನಾಚಿಕೆ ಆಗೋದು. ಅದಕ್ಕೆ ಇಲ್ಲಿ ಕರೆದೆ."

ಮೋತಿಯಾಬಿಂದ್. ಕಣ್ಣಿನ ಪೊರೆ.

ನಾನು ಬಾಲ್ಕನಿಯ ಕಂಬಿ ಹಿಡಿದು ನಿಂತೆ. ಒಂದೊಂದೇ ನೆನಪಾಗತೊಡಗಿತು. ಅತ್ತೆ ಪೇಪರ್ ಓದುವುದು ಬಿಟ್ಟಿದ್ದು. ("ಅದ್ರಲ್ಲಿ ಏನಿರುತ್ತೆ, ಬರೀ ಹೊಡೆದಾಟ.") ಸಂಜೆ ಪಾರ್ಕಿಗೆ ಹೋಗುವುದು ಬಿಟ್ಟಿದ್ದು. ("ಚಳಿ ಕಣೇ.") ಬೇಸಿಗೆಯಲ್ಲೂ ಹೋಗಲಿಲ್ಲವಲ್ಲ? ಸೀರೆಯ ಗಂಟು ತಂದವರನ್ನು "ಈಗಿನ ಫ್ಯಾಷನ್ ನನಗೆ ತಿಳಿಯಲ್ಲ" ಎಂದು ಸಾಗಹಾಕಿದ್ದು. ಪ್ರತಿಯೊಂದಕ್ಕೂ ಅವರು ಒಂದು ಕಾರಣ ಕೊಟ್ಟಿದ್ದರು, ಪ್ರತಿಯೊಂದನ್ನೂ ನಾನು ನಂಬಿದ್ದೆ. ವಯಸ್ಸಾಯಿತು ಎಂದು ನಾನೇ ಷರಾ ಬರೆದು ಮುಚ್ಚಿಟ್ಟಿದ್ದೆ.

ಮದುವೆಯಾದಾಗಿನಿಂದ ಇಪ್ಪತ್ತೇಳು ವರ್ಷ ಒಟ್ಟಿಗೆ ಇದ್ದವಳಿಗೆ ಕಾಣದ್ದು, ಒಂದು ಗಂಟೆ ನೋಡಿದ ಪೇಂಟರಿಗೆ ಕಂಡಿತ್ತು. ಕಣ್ಣು ಯಾರದ್ದು ಕೆಟ್ಟಿತ್ತು ಹೇಳಿ?

ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿದೆ. ಅತ್ತೆ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ನೋಡುತ್ತ ನಿಂತೆ. ಅವರ ಕಣ್ಣು ಗೋಡೆಯ ಕಡೆಗಿತ್ತು. ಬೆರಳುಗಳೇ ನಾರು ಹುಡುಕಿ ತೆಗೆಯುತ್ತಿದ್ದವು. ಎಷ್ಟು ಚುರುಕು ಬೆರಳುಗಳು ಅಂದರೆ, ಮೋಸ ಹೋದದ್ದು ನನ್ನ ತಪ್ಪಲ್ಲ ಎನ್ನಿಸುವಷ್ಟು.

"ಅತ್ತೆ, ನಿಮಗೆ ಕಣ್ಣು ಎಷ್ಟು ದಿನದಿಂದ ಮಂಜಾಗಿದೆ?"

ಬೆರಳು ನಿಂತವು.

"ಯಾರು ಹೇಳಿದ್ದು?"

"ನಿನ್ನೆ ನೀವು ತೋರಿಸಿದ ಕಡೆ ಬಣ್ಣವೇ ಇರಲಿಲ್ಲ."

ಅತ್ತೆ ಕೈಯಲ್ಲಿದ್ದ ಕಾಯನ್ನು ಬುಟ್ಟಿಗೆ ಹಾಕಿದರು. ಆಮೇಲೆ, "ಥೂ, ಎಡಗಡೆ ತೋರಿಸ್ಬೇಕಿತ್ತು," ಎಂದರು!

ನನಗೆ ನಗು ಬಂತು, ಅಳುವೂ ಬಂತು. ಅಳುವೇ ಗೆದ್ದಿತು.

"ಯಾಕೆ ಹೇಳ್ಲಿಲ್ಲ ಅತ್ತೆ? ನಾವೇನು ಪರಕೀಯರಾ?"

"ಹೇಳಿದ್ರೆ ಒಲೆ ಮುಂದೆ ನಿಲ್ಲೋಕೆ ಬಿಡ್ತಿದ್ಯಾ ನೀನು?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಒಪ್ಪಿಸುವಂತಿತ್ತು. "ಬೇಡ ಅತ್ತೆ, ಸುಟ್ಕೋತೀರಾ, ಕೂತ್ಕೊಳ್ಳಿ ಅತ್ತೆ ಅಂತೀಯ. ನಿನ್ನ ಗಂಡ ಪ್ರಕಾಶ ಒಂದು ಕುರ್ಚಿ ಹಾಕಿ ಕೂರಿಸ್ತಾನೆ. ಆಮೇಲೆ ನಾನು ಆ ಕುರ್ಚಿ ಬಿಟ್ಟು ಏಳೋ ಹಾಗಿಲ್ಲ. ನನಗೆ ಈ ಅಡುಗೆಮನೆ ಕಣ್ಮುಚ್ಚಿಕೊಂಡ್ರೂ ಗೊತ್ತು ವಸುಧಾ. ಯಾವ ಡಬ್ಬ ಎಲ್ಲಿದೆ, ಯಾವುದರ ಮುಚ್ಚಳ ಬಿಗಿ, ಎಲ್ಲಾ. ಅಲ್ಲಿ..."

ಅವರ ಬೆರಳುಗಳು ಬುಟ್ಟಿಯ ಅಂಚನ್ನು ತಡವಿದವು.

"ಅಲ್ಲಿ ಏನೂ ಗೊತ್ತಿಲ್ಲ."

ಹೊಸ ಮನೆ ಅವರಿಗೆ ಇಷ್ಟವಿಲ್ಲದ್ದಲ್ಲ. ಹೊಸ ಮನೆ ಅವರಿಗೆ ಕಾಣಿಸುತ್ತಲೇ ಇರಲಿಲ್ಲ. ಕ್ವಾರ್ಟರ್ಸಿನಲ್ಲಿ ಕೈಯಳತೆಯಲ್ಲಿ, ಹೆಜ್ಜೆಯ ಎಣಿಕೆಯಲ್ಲಿ ಬದುಕು ಸಾಗುತ್ತಿತ್ತು. ಹನ್ನೊಂದನೇ ಮಹಡಿಯ ಅಪರಿಚಿತ ಗೋಡೆಗಳ ನಡುವೆ ತನ್ನ ಗುಟ್ಟು ಒಂದು ದಿನವೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಒಂದು ತಿಂಗಳಿಂದ ಅವರು ಹೆದರಿಕೊಂಡಿದ್ದರು. ನಾನು ಅದನ್ನು ಕೊಂಕು ಎಂದು ಓದಿದ್ದೆ.

ಹುರುಳಿಕಾಯಿಯ ಬುಟ್ಟಿ ಪಕ್ಕಕ್ಕಿಟ್ಟು ಅವರ ಕೈ ಹಿಡಿದುಕೊಂಡೆ. "ಒಲೆ ನಿಮ್ಮದೇ. ಬರೆದು ಕೊಡ್ಬೇಕಾ?"

"ಬರೆದ್ರೆ ನನಗೆಲ್ಲಿ ಕಾಣುತ್ತೆ?" ಎಂದರು ಅತ್ತೆ. ಈ ಸಲ ನಗುವೇ ಗೆದ್ದಿತು.

ಅದೇ ವಾರ ಡಾಕ್ಟರ ಹತ್ತಿರ ಹೋದೆವು. ಎರಡೂ ಕಣ್ಣಲ್ಲಿ ಪೊರೆ ಚೆನ್ನಾಗಿ ಬಲಿತಿದೆ, ಆದರೆ ಹೆದರುವಂಥದ್ದೇನಿಲ್ಲ, ಆಪರೇಷನ್ ಮಾಡಿದರೆ ದೃಷ್ಟಿ ಬರುತ್ತದೆ ಎಂದರು. ಮೊದಲು ಎಡಗಣ್ಣು, ಒಂದು ತಿಂಗಳ ನಂತರ ಬಲಗಣ್ಣು.

ನಮ್ಮನೆಯವರು ಆಸ್ಪತ್ರೆಯ ಮೆಟ್ಟಿಲಲ್ಲೇ ನಸೀಮ್ ಭಾಯ್‌ಗೆ ಫೋನ್ ಮಾಡಿದರು. ಪೇಂಟಿಂಗ್ ನಿಲ್ಲಿಸಿ, ಅಮ್ಮ ನೋಡದೆ ಮನೆಗೆ ಬಣ್ಣ ಹಚ್ಚಿಸುವುದಿಲ್ಲ, ನಿಮಗೆ ತೊಂದರೆಯಾಗುವುದಿಲ್ಲವೆ ಎಂದು ಸಂಕೋಚದಿಂದ ಕೇಳಿದರು. ಆ ಕಡೆಯಿಂದ ಬಂದ ಉತ್ತರ ಸ್ಪೀಕರಿನಲ್ಲಿ ನನಗೂ ಕೇಳಿಸಿತು: "ಅರೇ ಸಾಬ್, ದೀವಾರ್ ಕಹಾಂ ಭಾಗೀ ಜಾ ರಹೀ ಹೈ?" ಗೋಡೆ ಎಲ್ಲಿಗೆ ಓಡಿ ಹೋಗುತ್ತದೆ! ಅವರು ಬೇರೆ ಮನೆಯ ಕೆಲಸಕ್ಕೆ ಹೋದರು. ಒಂಬತ್ತು ಚೌಕಗಳು ಹಾಗೇ ಉಳಿದವು.

ಎಡಗಣ್ಣಿನ ಆಪರೇಷನ್ ಬೇಗನೆ ಮುಗಿಯಿತು. ಮರುದಿನ ಡಾಕ್ಟರು ಪಟ್ಟಿ ಬಿಚ್ಚಿದರು. ನಾವು ಮೂವರೂ ಪಕ್ಕದಲ್ಲೇ ನಿಂತಿದ್ದೆವು. ಅತ್ತೆ ಕಣ್ಣು ಮಿಟುಕಿಸಿದರು, ಮತ್ತೆ ಮಿಟುಕಿಸಿದರು, ಎದುರಿಗಿದ್ದ ಡಾಕ್ಟರನ್ನು ಮೇಲಿಂದ ಕೆಳಗೆ ನೋಡಿದರು.

"ಅಬ್ಬಾ! ನಿಮ್ಮ ಶರ್ಟು ಎಷ್ಟು ನೀಲಿ!"

ಡಾಕ್ಟರಿಗೆ ಕನ್ನಡ ಬಾರದು. ಮೇಘ ಅನುವಾದಿಸಿದಳು. ಅವರು ತಮ್ಮ ಶರ್ಟನ್ನು ತಾವೇ ಬಗ್ಗಿ ನೋಡಿಕೊಂಡರು.

ಮನೆಗೆ ಬರುವ ಆಟೋದಲ್ಲಿ ಅತ್ತೆಗೆ ಕಪ್ಪು ಕನ್ನಡಕ. ಧೂಳು ಬೀಳದಂತೆ ತೆಗೆಯಲೇಬಾರದು ಎಂದು ಡಾಕ್ಟರ ಕಟ್ಟಪ್ಪಣೆ. ದಾರಿಯಲ್ಲಿ ಬೂರುಗದ ಮರಗಳು ಹೂಬಿಟ್ಟ ಕಾಲ. ಎಲೆಯಿಲ್ಲದ ಕೊಂಬೆಗಳ ತುಂಬ ಕೆಂಪು. ಸಿಗ್ನಲ್ಲಿನಲ್ಲಿ ಆಟೋ ನಿಂತ ತಕ್ಷಣ ಅತ್ತೆ ಕನ್ನಡಕ ಮೆಲ್ಲಗೆ ಎತ್ತಿದರು.

"ಅಜ್ಜೀ! ಗಾಗಲ್ಸ್ ಮತ್ ಉತಾರೋ! ಡಾಕ್ಟರ್ ಹೇಳಿದ್ದಾರಲ್ಲಾ!"

"ಒಂದೇ ಒಂದು ನಿಮಿಷ ಪುಟ್ಟಾ."

"ಅಜ್ಜೀ, ಪ್ಲೀಸ್!"

ಕನ್ನಡಕ ಇಳಿಯಿತು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ಏರಿತು. ಆರ್.ಕೆ.ಪುರಂ ತಲುಪುವವರೆಗೆ ಅಜ್ಜಿ ಮೊಮ್ಮಗಳ ನಡುವೆ ಇದೇ ಯುದ್ಧ. ಆಟೋದವನು ಕನ್ನಡಿಯಲ್ಲಿ ನೋಡಿ ನೋಡಿ ನಗುತ್ತಿದ್ದ.

ಮನೆಯ ಬಾಗಿಲು ತೆರೆದು ಒಳಗೆ ಬಂದೆವು. ಅತ್ತೆ ನಡುಮನೆಯಲ್ಲಿ ನಿಂತರು. ಸುತ್ತ ನೋಡಿದರು.

"ಈ ಗೋಡೆ ಯಾವಾಗ ಹಸಿರಾಯ್ತು?"

ಮೂರು ವರ್ಷದ ಹಿಂದೆ ಇಲಾಖೆಯವರು ಬಂದು, ಹಳೆಯ ಕೆನೆಬಣ್ಣದ ಮೇಲೆ ತಿಳಿಹಸಿರು ಬಳಿದು ಹೋಗಿದ್ದರು. ಆ ವಾಸನೆಗೆ ಅತ್ತೆ ಎರಡು ದಿನ ಕೆಮ್ಮಿದ್ದರು. ಬಣ್ಣ ಬಳಿದದ್ದು ಅವರಿಗೆ ಗೊತ್ತಿತ್ತು. ಯಾವ ಬಣ್ಣ ಎಂದು ಗೊತ್ತಿರಲಿಲ್ಲ. ಮೂರು ವರ್ಷ ಅವರು ಕೆನೆಬಣ್ಣದ ಮನೆಯಲ್ಲಿದ್ದರು, ನಾವು ಹಸಿರು ಮನೆಯಲ್ಲಿದ್ದೆವು. ಒಂದೇ ಸೂರು!

ನಮ್ಮನೆಯವರು ಬಾಗಿಲ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅತ್ತೆ ಗೋಡೆಯ ಹತ್ತಿರ ಹೋಗಿ ನೋಡಿದರು.

"ಥೂ, ಎಂಥಾ ಹಸಿರು! ಪಾಚಿ ಕಟ್ಟಿದ ಹಾಗಿದೆ. ಯಾರು ಆರಿಸಿದ್ದು ಇದನ್ನ?"

"ಸರ್ಕಾರ," ಎಂದೆ.

"ಅದಕ್ಕೇ," ಎಂದರು.

ಮತ್ತೆ ನನ್ನ ಹತ್ತಿರ ಬಂದರು. ಗಲ್ಲ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು, ಹಿಂದೆ ಬ್ಲೌಸ್ ಪೀಸನ್ನು ಬಿಸಿಲಿಗೆ ಹಿಡಿಯುತ್ತಿದ್ದಂತೆಯೇ. "ನಿನ್ನ ಕೂದಲು ಯಾವಾಗ ಇಷ್ಟು ಬೆಳ್ಳಗಾಯ್ತೇ? ಪಾಪ, ನಿನಗೂ ವಯಸ್ಸಾಯ್ತು." ಅದು ಹೊಗಳಿಕೆಯಲ್ಲ ಎಂದು ಗೊತ್ತು. ಆದರೂ ಆ ದಿನ ಅದಕ್ಕಿಂತ ಸಿಹಿಯಾದ ಮಾತು ನನಗೆ ಇನ್ನೊಂದಿರಲಿಲ್ಲ.

ಎರಡು ವಾರ ಕಳೆದ ಮೇಲೆ ಡಾಕ್ಟರ ಒಪ್ಪಿಗೆ ಪಡೆದು ಎಲ್ಲರೂ ಇಂದಿರಾಪುರಂಗೆ ಹೊರಟೆವು. ಫ್ಲಾಸ್ಕಿನಲ್ಲಿ ಕಾಫಿ, ಡಬ್ಬಿಯಲ್ಲಿ ಕೋಡುಬಳೆ. ನಸೀಮ್ ಭಾಯ್ ಹಿಂದಿನ ದಿನವೇ ಬಂದು ಚೌಕಗಳಿಗೆ ಇನ್ನೊಂದು ಕೋಟ್ ಕೊಟ್ಟಿದ್ದರು. ಅವರ ಸಲಹೆಯೂ ಇತ್ತು: ಬೆಳಿಗ್ಗೆ ಒಂದು ಸಲ ನೋಡಿ, ಮಧ್ಯಾಹ್ನ ಒಂದು ಸಲ ನೋಡಿ, ಸಂಜೆ ಬಲ್ಬ್ ಹಾಕಿ ಒಂದು ಸಲ ನೋಡಿ, ಆಮೇಲೆ ಹೇಳಿ. ಬೆಳಕು ಬದಲಾದರೆ ಬಣ್ಣವೂ ಬದಲಾಗುತ್ತದೆ. ಈ ಮಾತು ಕೇಳಿ ಅತ್ತೆ ಅವರನ್ನು ಮೆಚ್ಚುಗೆಯಿಂದ ನೋಡಿದರು. ಒಬ್ಬ ಕಸುಬುದಾರ ಇನ್ನೊಬ್ಬನನ್ನು ಗುರುತಿಸುವ ನೋಟ ಅದು.

ಅತ್ತೆ ಗೋಡೆಯ ಎದುರು ಕುರ್ಚಿ ಎಳೆದುಕೊಂಡು ಕೂತರು. ಬಲಗಣ್ಣಿನದು ಇನ್ನೂ ಆಗಿರಲಿಲ್ಲ. ಮೊದಲು ಅವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡರು.

"ಈ ಕಣ್ಣಲ್ಲಿ ಒಂದೇ ಗೋಡೆ. ಟೀ ಸೋಸೋ ಬಟ್ಟೆ ಥರ."

ಆಮೇಲೆ ಕೈ ಬದಲಾಯಿಸಿ ಬಲಗಣ್ಣು ಮುಚ್ಚಿಕೊಂಡರು. ತುಟಿಗಳು ಅಲ್ಲಾಡತೊಡಗಿದವು. ಕಿವಿಗೊಟ್ಟರೆ, ಎಣಿಸುತ್ತಿದ್ದರು.

"...ಆರು. ಏಳು. ಎಂಟು. ಒಂಬತ್ತು." ಮತ್ತೊಮ್ಮೆ ಜೋರಾಗಿ, ಶಾಲೆಯ ಹುಡುಗಿಯಂತೆ: "ಒಂಬತ್ತಿದೆ! ಒಂಬತ್ತೂ ಬೇರೆ ಬೇರೆ!"

ನಸೀಮ್ ಭಾಯ್‌ಗೆ ಭಾಷೆ ತಿಳಿಯಲಿಲ್ಲ, ವಿಷಯ ತಿಳಿಯಿತು. "ನೌ?" ಎಂದು ಒಂಬತ್ತು ಬೆರಳು ಎತ್ತಿ ತೋರಿಸಿದರು. ಅತ್ತೆಯೂ ಒಂಬತ್ತು ಬೆರಳು ಎತ್ತಿದರು. ಇಬ್ಬರೂ ಹಾಗೇ ಬೆರಳು ಎತ್ತಿಕೊಂಡು ನಗುತ್ತಿದ್ದ ಆ ಹಾಲ್, ಆ ಹೊತ್ತಿಗೆ ನಮ್ಮ ಮನೆಯಾಯಿತು ಅಂದುಕೊಳ್ಳುತ್ತೇನೆ. ಗೃಹಪ್ರವೇಶ ಆಮೇಲಿನ ಮಾತು.

ಇನ್ನು ಶುರುವಾಯಿತು ನೋಡಿ ಅತ್ತೆಯ ತೀರ್ಪು. ಶೇಡ್ ಕಾರ್ಡಿನ ಇಂಗ್ಲಿಷ್ ಹೆಸರುಗಳನ್ನು ಅವರು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

"ಇದು ಗಸಗಸೆ. ಇದು ಸಜ್ಜಿಗೆ ಮಾಡೋಕೆ ಹುರಿದ ರವೆ. ಇದು ಹುರೀದೆ ಇರೋ ರವೆ. ಇದು ದಪ್ಪ ಅವಲಕ್ಕಿ. ಇದು ನೀರು ಜಾಸ್ತಿ ಆದ ಮಜ್ಜಿಗೆ. ಇದು..." ಎಂದು ಮುಖ ಕಿವುಚಿ, "ಇದು ಹಳಸಿದ ಅನ್ನ. ಅಳಿಸ್ಬಿಡಿ."

ಮೇಘ ಓಡಿಹೋಗಿ ಪೆನ್ಸಿಲ್ ತಂದು ಪ್ರತಿ ಚೌಕದ ಕೆಳಗೆ ಅಜ್ಜಿಯ ಹೆಸರು ಬರೆದಳು. ಕನ್ನಡದಲ್ಲಿ! ದೆಹಲಿಯಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗಿ 'ಗಸಗಸೆ' ಎಂದು ತಪ್ಪಿಲ್ಲದೆ ಬರೆದದ್ದನ್ನು ನಾನು ಫೋಟೋ ತೆಗೆದಿಟ್ಟುಕೊಂಡಿದ್ದೇನೆ. ('ಅವಲಕ್ಕಿ'ಯಲ್ಲಿ ಒತ್ತು ಬಿಟ್ಟಿದ್ದಾಳೆ, ಇರಲಿ.)

ಅವಳ ಇಷ್ಟದ ಬೂದು ಬೀಜ್ ಬಂದಾಗ ಎಲ್ಲರೂ ಅತ್ತೆಯ ಮುಖ ನೋಡಿದೆವು.

"ಇದು ವಿಭೂತಿ ಬಿದ್ದ ಹಾಲು."

"ಅಜ್ಜೀ! ಇಟ್ಸ್ ಸೋ ಎಲಿಗಂಟ್!"

"ನಿನ್ನ ರೂಮಿಗೆ ಹಾಕ್ಸ್ಕೋ ಪುಟ್ಟಾ. ನಾನು ಆ ಕಡೆ ಬಂದಾಗ ಕಪ್ಪು ಕನ್ನಡಕ ಹಾಕ್ಕೋತೀನಿ."

ನಮ್ಮನೆಯವರ ಬಿಳಿಗೆ ಎರಡೇ ಪದ ಸಿಕ್ಕಿತು: "ಆಪರೇಷನ್ ಥಿಯೇಟರು."

ಸಂಜೆಯವರೆಗೂ ಕೂತೆವು. ಬಿಸಿಲು ಬಾಲ್ಕನಿಯಿಂದ ಒಳಗೆ ಬಂದು, ಗೋಡೆಯ ಮೇಲೆ ಚೌಕದಿಂದ ಚೌಕಕ್ಕೆ ಸರಿದು ಹೋಯಿತು. ಬಲ್ಬ್ ಹಾಕಿಸಿ ನೋಡಿದ ಮೇಲೆ ಅತ್ತೆ ಎದ್ದುಹೋಗಿ ಎರಡನೇ ಚೌಕದ ಮೇಲೆ ಅಂಗೈ ಇಟ್ಟರು. ಹುರಿದ ರವೆ. ನಾವು ಮೂವರೂ ನೋಡಿದೆವು. ಜಗಳವಾಡಲು ಏನೂ ಉಳಿದಿರಲಿಲ್ಲ. ಹದವಾಗಿ ಹುರಿದ, ಘಮ್ಮೆನ್ನುವ, ಇನ್ನೇನು ಬಿಸಿನೀರು ಹಾಕಬೇಕು ಅನ್ನುವ ಹೊತ್ತಿನ ಬಣ್ಣ. ಇದಕ್ಕಿಂತ ಬೆಚ್ಚಗಿನ ಬಣ್ಣ ಯಾವ ಪುಸ್ತಕದಲ್ಲಿದೆ?

ನಾನು ನಸೀಮ್ ಭಾಯ್‌ಗೆ ಹಿಂದಿಯಲ್ಲಿ ಹೇಳಿದೆ, ರವೆ ಅಂದರೆ ಸೂಜಿ, ಭುನೀ ಹುಯೀ ಸೂಜಿ ಎಂದು. ಅವರ ಮುಖ ಅರಳಿತು. "ಅಚ್ಛಾ! ಹಲ್ವೇ ವಾಲೀ!"

ಇನ್ನೊಂದು ಆಜ್ಞೆಯೂ ಆಯಿತು. ಬಾಗಿಲ ಚೌಕಟ್ಟು, ಸ್ವಿಚ್ ಬೋರ್ಡಿನ ಅಂಚು ಎಲ್ಲ ಗಾಢ ಕಂದು ಇರಬೇಕು, ಗೋಡೆಯೊಳಗೆ ಕರಗಿ ಹೋಗಬಾರದು. "ಈಗ ನಿನಗೆ ಕಾಣುತ್ತಲ್ಲ ಅಮ್ಮ, ಯಾಕೆ ಬೇಕು?" ಎಂದು ನಮ್ಮನೆಯವರು ಕೇಳಿದರು.

"ನನಗಲ್ವೋ ಪ್ರಕಾಶ, ನಿಮಗೆ. ನನ್ನ ಕಣ್ಣು ಬಂತು. ನಿಮ್ಮದು ಇನ್ನು ಹೋಗೋಕೆ ಶುರುವಾಗುತ್ತೆ."

ನಮ್ಮನೆಯವರು ಕೋಡುಬಳೆಗೆ ಕೈ ಹಾಕಿದರು.

ಆ ದಿನದಿಂದ ನನ್ನನ್ನು ಒಂದು ಯೋಚನೆ ಕಾಡುತ್ತಿದೆ. ಮನೆಯ ಹಿರಿಯರನ್ನು ನಾವು ಕೇಳುವ ಪ್ರಶ್ನೆಗಳು ಯಾವುವು? ಊಟ ಆಯ್ತಾ. ಮಾತ್ರೆ ತಗೊಂಡ್ರಾ. ನಿದ್ದೆ ಬಂತಾ. ಮೂರಕ್ಕೂ ಹೂಂ ಎಂದರೆ ಸಾಕು, ನಮ್ಮ ಕರ್ತವ್ಯ ಮುಗಿಯಿತು. ನಿಮಗೆ ಇವತ್ತು ಏನು ಕಂಡಿತು, ಏನು ಚೆನ್ನಾಗಿದೆ ಅನ್ನಿಸಿತು ಎಂದು ಕೇಳುತ್ತೇವೆಯೇ? ನಾನು ಕೇಳಿರಲಿಲ್ಲ. ಕೇಳಿದ್ದರೆ ಮೂರು ವರ್ಷ ಮೊದಲೇ ಅವರು ಆ ಪಾಚಿ ಹಸಿರನ್ನು ಬೈಯಬಹುದಿತ್ತು. ಅವರಿಗೆ ಸಿಗಬೇಕಾಗಿದ್ದ ಎಷ್ಟು ಬೈಗುಳದ ಸುಖ ನನ್ನಿಂದ ತಪ್ಪಿಹೋಯಿತು!

ಏಪ್ರಿಲ್ ಹೊತ್ತಿಗೆ ಬಲಗಣ್ಣಿನ ಆಪರೇಷನ್ನೂ ಆಯಿತು, ಪೇಂಟಿಂಗೂ ಮುಗಿಯಿತು, ಹಾಲು ಉಕ್ಕಿಸಿ ಹೊಸ ಮನೆಗೆ ಬಂದೆವು. ಮೊದಲ ದಿನವೇ ಅತ್ತೆ ಅಡುಗೆಮನೆಯ ಡಬ್ಬಗಳನ್ನೆಲ್ಲ ತಮಗೆ ಬೇಕಾದಂತೆ ಜೋಡಿಸಿದರು. ಈಗ ಉಪ್ಪು ಎಲ್ಲಿದೆ ಎಂದು ನಾನು ಅವರನ್ನು ಕೇಳಬೇಕು. ಬೆಳಿಗ್ಗೆ ಕಾಫಿ ಹಿಡಿದು ಬಾಲ್ಕನಿಯಲ್ಲಿ ನಿಂತು, ಕೆಳಗೆ ಹೋಗುವ ಹೆಂಗಸರ ಸೀರೆ, ಕುರ್ತಾ, ದುಪಟ್ಟಾಗಳ ಮೇಲೆ ಅವರು ಹನ್ನೊಂದನೇ ಮಹಡಿಯಿಂದ ತೀರ್ಪು ಕೊಡುತ್ತಾರೆ. ನಮ್ಮ ಟವರಿನ ಇಬ್ಬರು ಆಗಲೇ ಬ್ಲೌಸ್ ಪೀಸ್ ಹಿಡಿದು ಮನೆಗೆ ಬಂದೂ ಹೋಗಿದ್ದಾರೆ.

ಮೊನ್ನೆ ಶನಿವಾರ ಮಧ್ಯಾಹ್ನ "ವಸುಧಾ, ಬಾ ಇಲ್ಲಿ" ಎಂದು ಕರೆ ಬಂತು. ಹೋಗಿ ನೋಡಿದರೆ ಅತ್ತೆ ಹಾಲ್‌ನ ಬಾಗಿಲ ಹಿಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ.

"ಇಲ್ಲಿ ಎರಡನೇ ಕೋಟ್ ಬಿದ್ದಿಲ್ಲ."

ನಾನು ನೋಡಿದೆ. ನನಗೇನೂ ಕಾಣಲಿಲ್ಲ. ಕನ್ನಡಕ ಹಾಕಿಕೊಂಡು ಬಂದು ನೋಡಿದೆ. ಆಗಲೂ ಕಾಣಲಿಲ್ಲ. ನಮ್ಮನೆಯವರು ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಎಲ್ಲಾ ಸರಿ ಇದೆ ಅಮ್ಮ," ಎಂದರು. ಅತ್ತೆ ಕೇಳಲಿಲ್ಲ. ಫೋನ್ ಮಾಡಿಸಿದರು.

ಭಾನುವಾರ ನಸೀಮ್ ಭಾಯ್ ಬಂದರು. ಬಾಗಿಲ ಹಿಂದೆ ಹೋಗಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತರು, ಹಿಂದೆ ಸರಿದರು, ಬಾಗಿಲನ್ನು ಅರ್ಧ ಮುಚ್ಚಿ ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಮತ್ತೆ ನೋಡಿದರು. ಅಂಗೈಯಷ್ಟು ಜಾಗ. ಒಂದೇ ಕೋಟ್.

ಅವರು ಬ್ರಶ್ ಕೆಳಗಿಟ್ಟು, ಅತ್ತೆಗೆ ಕೈಮುಗಿದು ಹೇಳಿದರು: "ಮಾತಾಜೀ, ಆ ಡಾಕ್ಟರ್ ಸಾಬ್ ಅಡ್ರೆಸ್ ನನಗೂ ಕೊಡಿ."